ಜೋಡಿಸೋದೇ ಇಲ್ಲಿ ದೊಡ್ಡ ಕೆಲಸ

ಹವಾಮಾನ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲ್‌ಗಳ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್, ಆದ್ರೆ ವಾತಾವರಣದ ಮಾಡೆಲ್‌ಗೆ ಸಮುದ್ರದ ಮಾಡೆಲ್ ಸೇರಿಸಿದ್ರೆ ಆಯ್ತು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದೀರಲ್ಲ, ಅದಕ್ಕೇ ಬರೀತಿದೀನಿ. ಆ ಸೇರಿಸೋದೇ ನಿಜವಾದ ತಲೆನೋವು. ಎರಡರ ಗ್ರಿಡ್ (ಭೂಮಿನ ಚೌಕಗಳಾಗಿ ಹಂಚೋ ರೀತಿ) ಬೇರೆ, ಟೈಮ್ ಸ್ಟೆಪ್ (ಒಂದೊಂದು ಸಲ ಲೆಕ್ಕ ಮುಂದಕ್ಕೆ ಹೋಗೋ ಅವಧಿ) ಬೇರೆ, ಕರಾವಳಿ ಹತ್ರ ವಾತಾವರಣದ ಒಂದೇ ಚೌಕದಲ್ಲಿ ಅರ್ಧ ನೆಲ ಅರ್ಧ ಕಡಲು ಇರತ್ತೆ, ಅಲ್ಲಿ ಬಿದ್ದ ಮಳೆನ ಕಪ್ಲರ್, ಅಂದ್ರೆ ಎರಡು ಮಾಡೆಲ್‌ಗಳ ನಡುವೆ ಲೆಕ್ಕ ದಾಟಿಸೋ ಪ್ರೋಗ್ರಾಮ್, ಒಂದು ಹನಿನೂ ಲೆಕ್ಕ ತಪ್ಪದ ಹಾಗೆ ಆ ಕಡೆ ದಾಟಿಸ್ಬೇಕು, ಯಾಕಂದ್ರೆ ಸಣ್ಣ ತಪ್ಪೂ ನೂರಾರು ವರ್ಷದ ಹವಾಮಾನ ಲೆಕ್ಕ ಹಾಕೋ ರನ್‌ನಲ್ಲಿ ಕೂಡ್ತಾ ಕೂಡ್ತಾ ಸಮುದ್ರದ ಉಪ್ಪಿನಂಶನೇ ಬದಲಾಯಿಸಿಬಿಡತ್ತೆ. 1969ರಲ್ಲಿ ವಿಜ್ಞಾನಿಗಳಾದ ಮನಾಬೆ, ಬ್ರಯಾನ್ ಇವೆರಡನ್ನೂ ಜೋಡಿಸಿದ್ರು, ಆದ್ರೂ 1990ರ ದಶಕದಲ್ಲೂ ಎಷ್ಟೋ ಮಾಡೆಲ್‌ಗಳಿಗೆ ಫ್ಲಕ್ಸ್ ಅಡ್ಜಸ್ಟ್‌ಮೆಂಟ್ ಅಂತ ಶಾಖ, ನೀರನ್ನ ಹೊರಗಿಂದ ಹಾಕಿ ಸರಿದೂಗಿಸ್ಬೇಕಿತ್ತು.

ನಮ್ಮ ಮುಂಗಾರಿಗಂತೂ ಇದು ತುಂಬಾ ಮುಖ್ಯ. ಬಂಗಾಳ ಕೊಲ್ಲಿಲಿ ಮೋಡ ಕವಿದು ಗಾಳಿ ಜೋರಾದ್ರೆ ಕಡಲ ಮೇಲ್ಮೈ ತಣ್ಣಗಾಗತ್ತೆ, ಆದ್ರೆ ಸಮುದ್ರದ ಮಾಡೆಲ್ ಜೋಡಿಸದೆ ಕಡಲ ಟೆಂಪರೇಚರ್ ಮೊದಲೇ ಫಿಕ್ಸ್ ಮಾಡಿ ಕೊಟ್ರೆ ಮಾಡೆಲ್‌ಗೆ ಅದು ಗೊತ್ತೇ ಆಗಲ್ಲ, ಬಿಸಿ ನೀರಿನ ಮೇಲೆ ಮಳೆ ಸುರಿಸ್ತಾನೇ ಇರತ್ತೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಮುಂಗಾರು ಮುನ್ಸೂಚನೆಯ ಮಾನ್ಸೂನ್ ಮಿಷನ್‌ಗೆ ಹೀಗೆ ಎರಡನ್ನೂ ಜೋಡಿಸಿದ ಕಪಲ್ಡ್ ಮಾಡೆಲ್ಲೇ ಬಳಸ್ತಾರೆ. ಮುಂದಿನ ಭಾಗದಲ್ಲಿ ಕಪ್ಲರ್ ಬಗ್ಗೆ ಎರಡು ಪ್ಯಾರಾ ಆದ್ರೂ ಬರೀರಿ ಪ್ಲೀಸ್.