ಸತ್ತವರಿಗೂ ಡ್ಯೂಟಿ ತಪ್ಪಿಲ್ಲ

‘ಏಲಿಯನ್’ ಸರಣಿಯ 2024ರ ಕಂತಾದ ‘ಏಲಿಯನ್: ರೊಮುಲಸ್’ ಚಿತ್ರ ಆರಂಭವಾಗುವುದು ಸೂರ್ಯನ ಬೆಳಕನ್ನೇ ಕಾಣದ ಒಂದು ಗಣಿ ವಸಾಹತಿನಲ್ಲಿ. ರೇನ್ ಎಂಬ ಅನಾಥ ಹುಡುಗಿ ಕರಾರಿನ ಪ್ರಕಾರ ದುಡಿಯಬೇಕಾದ ಗಂಟೆಗಳನ್ನೆಲ್ಲ ಮುಗಿಸಿ, ಬಿಡುಗಡೆ ಕೇಳಲು ಕಂಪನಿಯ ಕೌಂಟರಿಗೆ ಬರುತ್ತಾಳೆ. ಗಂಟೆಗಳ ಮಿತಿಯನ್ನು ಏರಿಸಲಾಗಿದೆ, ಇನ್ನೂ ಐದಾರು ವರ್ಷ ದುಡಿಯಬೇಕು ಎಂಬ ಉತ್ತರ, ಆಕೆಯ ಸೇವೆಗೆ ಕಂಪನಿಯ ಕೃತಜ್ಞತೆಯ ಸಮೇತ, ಅಲ್ಲಿ ಸಿದ್ಧವಾಗಿರುತ್ತದೆ. ಕಚೇರಿಗಳ ಕಿಟಕಿಯ ಮುಂದೆ ನಿಂತು ಪಳಗಿದ ನಮ್ಮಂಥವರಿಗೆ ಇದಕ್ಕಿಂತ ಭೀಕರವಾದ ದೃಶ್ಯ ಚಿತ್ರದಲ್ಲಿ ಮುಂದೆಲ್ಲೂ ಬರುವುದಿಲ್ಲ.

ಈ ಸರಣಿಯ ಹಳೆಯ ಅಭಿಮಾನಿಯಾಗಿ ನಾನು ಮೆಚ್ಚುಗೆಯಲ್ಲಿ ಜಿಪುಣತನ ತೋರಬಾರದು. ನಿರ್ದೇಶಕ ಫೇಡೆ ಆಲ್ವರೆಜ್ ಅವರಿಗೆ ಕತ್ತಲೆಯ ಬಳಕೆ ಗೊತ್ತಿದೆ. ಸರಣಿಯ ಕೇಂದ್ರವಾದ ನರಹಂತಕ ಅನ್ಯಗ್ರಹ ಜೀವಿಯ ಆಮ್ಲದಂಥ ರಕ್ತ ಗುರುತ್ವಾಕರ್ಷಣೆಯಿಲ್ಲದ ಓಣಿಯಲ್ಲಿ ಸುಳಿಸುಳಿಯಾಗಿ ತೇಲುವಾಗ ಅದರ ನಡುವೆ ರೇನ್ ನುಸುಳಿಹೋಗುವ ದೃಶ್ಯ, ಮೊದಲ ಚಿತ್ರ ಬಂದ 1979ರಿಂದ ಈವರೆಗೆ ಯಾರಿಗೂ ಹೊಳೆದಿರಲಿಲ್ಲ. ಆಂಡಿ ಎಂಬ ಕೃತಕ ಮಾನವನಾಗಿ ಡೇವಿಡ್ ಜಾನ್ಸನ್ ಅವರ ಅಭಿನಯಕ್ಕೆ ಕೊಟ್ಟ ಟಿಕೆಟ್ ದುಡ್ಡು ಸಂದಿತು ಎನ್ನಬಹುದು. ಕೊನೆಯ ಅಂಕದಲ್ಲಿ ಹುಟ್ಟಿಕೊಳ್ಳುವ ಮನುಷ್ಯ-ಜೀವಿ ಮಿಶ್ರತಳಿಯ ಕೂಸನ್ನು ನಾವು 1997ರ ಕಂತಿನಲ್ಲೇ ಕಂಡು ಹೇಸಿಕೊಂಡಿದ್ದೆವು. ಅದನ್ನು ಇಲ್ಲಿಗೇ ಬಿಡೋಣ.

ನನ್ನ ತಕರಾರು ಇರುವುದು ನಡುಭಾಗದಲ್ಲಿ. ಪಾಳುಬಿದ್ದ ಬಾಹ್ಯಾಕಾಶ ನಿಲ್ದಾಣದೊಳಗೆ ಸೊಂಟದ ಕೆಳಗೆ ಏನೂ ಉಳಿಯದ ಒಬ್ಬ ಯಂತ್ರಮಾನವ ಬಿದ್ದಿದ್ದಾನೆ. ಹೆಸರು ರೂಕ್; ಮುಖ ಮಾತ್ರ ಮೊದಲ ಚಿತ್ರದಲ್ಲಿ ಆಶ್ ಎಂಬ ಯಂತ್ರಮಾನವನ ಪಾತ್ರ ಮಾಡಿದ್ದ ಇಯನ್ ಹೋಮ್ ಅವರದು. ಆಶ್‌ನ ರುಂಡ ಹಾರಿಸಿ, ಮುಖವನ್ನು ಬೆಂಕಿಯಿಂದ ಸುಟ್ಟದ್ದು 1979ರಲ್ಲಿ. ಸ್ವತಃ ಹೋಮ್ ತೀರಿಕೊಂಡದ್ದು 2020ರ ಜೂನ್‌ನಲ್ಲಿ. ಪಾತ್ರವೂ ಹೋಗಿ ಪಾತ್ರಧಾರಿಯೂ ಹೋದಮೇಲೆ ವಿಷಯ ಮುಗಿಯಿತು ಎಂದುಕೊಂಡಿದ್ದರೆ ಅದು ಪ್ರೇಕ್ಷಕರ ಮುಗ್ಧತೆ. ಒಂದು ಬೊಂಬೆ, ಇನ್ನೊಬ್ಬ ನಟನ ಅಭಿನಯ ಮತ್ತು ಒಂದಿಷ್ಟು ಕಂಪ್ಯೂಟರ್ ಕೌಶಲ ಸೇರಿಸಿ ಅವರನ್ನು ಮತ್ತೆ ಕೆಲಸಕ್ಕೆ ಹಚ್ಚಲಾಯಿತು. ಕುಟುಂಬದ ಒಪ್ಪಿಗೆ ಪಡೆಯಲಾಗಿತ್ತು, ನಿಜ. ಕರಾರಿನ ಅವಧಿಯನ್ನು ಸಾವಿನಿಂದಾಚೆಗೂ ಏರಿಸುವಾಗ ಇಷ್ಟಾದರೂ ಶಿಷ್ಟಾಚಾರ ಬೇಕಲ್ಲವೇ?

ದುಡಿದು ಸತ್ತರೂ ಕಾರ್ಮಿಕನನ್ನು ಬಿಡದ ಕಂಪನಿಯ ಮೇಲೆ ಎರಡು ಗಂಟೆ ಕಿಡಿಕಾರುವ ಚಿತ್ರದಲ್ಲಿ, ಆ ಕಂಪನಿಯ ಪರವಾಗಿ ವಾದಿಸುವ ಕೆಲಸಕ್ಕೆ ಒಬ್ಬ ದಿವಂಗತರನ್ನೇ ನೇಮಿಸಿದ ಪರಿಗೆ ಬೆರಗಾಗದೆ ಇರಲಾಗದು. 2023ರಲ್ಲಿ ಹಾಲಿವುಡ್ ನಟರ ಸಂಘ 118 ದಿನ ಮುಷ್ಕರ ಹೂಡಿದಾಗ, ನಟರ ಡಿಜಿಟಲ್ ಪ್ರತಿರೂಪವನ್ನು ಬಳಸಲು ಅನುಮತಿ ಮತ್ತು ಸಂಭಾವನೆ ಕಡ್ಡಾಯವಾಗಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಘೋಷಣೆ ಕೂಗಿದವರೆಲ್ಲ ಬದುಕಿದ್ದವರು ಎಂಬುದೇ ನಿರ್ಮಾಪಕರಿಗೆ ಎದುರಾದ ತೊಡಕು. ರೂಕ್‌ನ ಬಾಯಿ ಮಾತಿಗೆ ಸರಿಯಾಗಿ ಆಡುತ್ತಿಲ್ಲ ಎಂದು ಪ್ರೇಕ್ಷಕರು ಗೊಣಗಿದ ಮೇಲೆ, ಮನೆಯಲ್ಲಿ ನೋಡುವವರ ಆವೃತ್ತಿಗೆ ಬೊಂಬೆಯ ಪಾಲು ಹೆಚ್ಚಿಸಿ ಆ ದೃಶ್ಯಗಳನ್ನು ತಿದ್ದಲಾಯಿತು. ಅಂದರೆ ಹೋಮ್ ಅವರಿಗೆ ಮರಣೋತ್ತರ ರೀಟೇಕ್ ಕೂಡ ತಪ್ಪಲಿಲ್ಲ.

ಸಂಭಾಷಣೆಗಳಿಗೂ ಇದೇ ಗತಿ. ನೀವು ಬದುಕುವ ಸಾಧ್ಯತೆಯ ಬಗ್ಗೆ ಸುಳ್ಳು ಹೇಳಲಾರೆ, ನನ್ನ ಸಹಾನುಭೂತಿಯಷ್ಟೇ ಇದೆ ಎಂದು ಆಶ್ ಹೇಳಿದ್ದನ್ನು ರೂಕ್ ಹಾಗೆಯೇ ಒಪ್ಪಿಸುತ್ತಾನೆ. ರಾಣಿ ಜೀವಿಯ ಮುಂದೆ ನಿಂತು ಸರಣಿಯ ಮೂಲ ನಾಯಕಿ ರಿಪ್ಲಿ 1986ರ ಕಂತಿನಲ್ಲಿ ಗುಡುಗಿದ ಬೈಗುಳವನ್ನು ಇಲ್ಲಿ ಆಂಡಿ ತೊದಲುತ್ತಾ ಹೇಳುತ್ತಾನೆ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಕಥೆಯ ಕಾಲಗಣನೆಯಂತೆ ‘ರೊಮುಲಸ್’ ನಡೆಯುವುದು 2142ರಲ್ಲಿ, ರಿಪ್ಲಿ ಆ ಮಾತನ್ನಾಡುವುದು 2179ರಲ್ಲಿ. ಹೀಗಾಗಿ ಮೂವತ್ತೇಳು ವರ್ಷ ಹಿಂದೆಯೇ ಆಡಿ ಮುಗಿದ ಮಾತನ್ನು ಕದ್ದ ಅಪವಾದ ಇನ್ನು ಮುಂದೆ ಪಾಪ, ರಿಪ್ಲಿಯ ತಲೆಗೇ ಬರುತ್ತದೆ.

ಇದನ್ನು ಪರದೇಶದವರ ಚಾಳಿ ಎಂದು ನಾವು ಮೂಗು ಮುರಿಯುವಂತಿಲ್ಲ. 2009ರ ಡಿಸೆಂಬರ್‌ನಲ್ಲಿ ಅಗಲಿದ ವಿಷ್ಣುವರ್ಧನ್ ಅವರನ್ನು 2016ರ ‘ನಾಗರಹಾವು’ ಚಿತ್ರದಲ್ಲಿ ಬೇರೊಬ್ಬರ ದೇಹಕ್ಕೆ ಅವರ ಮುಖ ಕೂಡಿಸಿ ತೆರೆಗೆ ಕರೆತಂದಾಗ ಶಿಳ್ಳೆ ಹೊಡೆದವರು ನಾವೇ. 1972ರಲ್ಲಿ ಅವರನ್ನು ನಾಯಕನನ್ನಾಗಿ ಮಾಡಿದ ಚಿತ್ರದ ಹೆಸರನ್ನೂ ಆಗ ಮರುಬಳಕೆ ಮಾಡಲಾಗಿತ್ತು. ಮೈಸೂರಿನಲ್ಲಿ ಅವರ ಸ್ಮಾರಕ ಉದ್ಘಾಟನೆಯಾದದ್ದು 2023ರ ಜನವರಿಯಲ್ಲಿ. ಕಲಾವಿದನಿಗೆ ಹೊಸ ದೇಹ ಕೊಡುವ ಕೆಲಸ, ನಾಲ್ಕು ಗೋಡೆಯ ಸ್ಮಾರಕ ಕಟ್ಟುವ ಕೆಲಸಕ್ಕಿಂತ ಆರು ವರ್ಷ ಬೇಗ ಮುಗಿಯಿತು ಎಂದಾಯಿತು.

ಸುಮಾರು 8 ಕೋಟಿ ಡಾಲರ್ ವೆಚ್ಚದ ‘ರೊಮುಲಸ್’ ಸುಮಾರು 35 ಕೋಟಿ ಡಾಲರ್ ಗಳಿಸಿದೆ. ಆದ್ದರಿಂದ ಮುಂದಿನ ಕಂತು ಬೇಕೇ ಎಂಬ ಚರ್ಚೆ ಅನಗತ್ಯ. ಬಂದರೆ ಗೊಣಗುತ್ತಲೇ ಮೊದಲ ದಿನದ ಟಿಕೆಟ್ ಕಾಯ್ದಿರಿಸುವವರಲ್ಲಿ ನಾನೂ ಇರುತ್ತೇನೆ. ಕಲಾವಿದರ ಕೊರತೆಯಂತೂ ಇಲ್ಲ. ಮೊದಲ ಚಿತ್ರದ ನೋಸ್ಟ್ರೊಮೊ ನೌಕೆಯ ಏಳು ಮಂದಿ ಸಿಬ್ಬಂದಿಯ ಪಾತ್ರ ಮಾಡಿದವರಲ್ಲಿ ಹೋಮ್ ಅಲ್ಲದೆ ಜಾನ್ ಹರ್ಟ್, ಹ್ಯಾರಿ ಡೀನ್ ಸ್ಟಾಂಟನ್ ಮತ್ತು ಯಾಫೆಟ್ ಕೊಟ್ಟೊ ಕೂಡ ಈಗ ಕಾಲ್‌ಶೀಟ್ ವಿಷಯದಲ್ಲಿ ತಕರಾರು ಮಾಡುವ ಸ್ಥಿತಿಯಲ್ಲಿಲ್ಲ. ಕೊಟ್ಟೊ ಮಾಡಿದ ಪಾರ್ಕರ್ ಎಂಬ ಪಾತ್ರ ಬೋನಸ್ಸಿನಲ್ಲಿ ತನ್ನ ಪಾಲು ಕಡಿಮೆಯಾಯಿತೆಂದು ಆ ಚಿತ್ರದಲ್ಲಿ ಜಗಳ ತೆಗೆಯುತ್ತಲೇ ಇರುತ್ತದೆ. ಈ ಸಲ ಆ ಕಿರಿಕಿರಿಯೂ ಇರುವುದಿಲ್ಲ.