ಶಾಲು ಹೊದಿಸುವವರು, ಪಂದ್ಯ ನೋಡುವವರು

ಟಾಮ್ ಬೋನೆನ್ ಸೈಕಲ್ ಪಂದ್ಯಗಳಿಗೆ ವಿದಾಯ ಹೇಳಿದ್ದು 2017ರಲ್ಲಿ. ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯ ಜನ ಮಾತ್ರ ಅವನಿಗೆ ಇನ್ನೂ ನಿವೃತ್ತಿ ಕೊಟ್ಟಿಲ್ಲ. ಇಲ್ಲಿನ ನನ್ನ ಕಚೇರಿಯಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತರೆ ನನ್ನ ಸಹೋದ್ಯೋಗಿಗಳು ಅವನನ್ನು ‘ಟೊಮ್ಮೆಕೆ’ ಎಂದು ಮನೆಮಗನನ್ನು ಕರೆದಂತೆ ಕರೆಯುತ್ತಾರೆ. ಬೈಯುವುದೂ ಅದೇ ಸಲಿಗೆಯಿಂದ.

ಬೈಯಲು ಕಾರಣವಿದೆ. 2008ರಲ್ಲಿ ಕೊಕೇನ್ ಸೇವನೆ ಪತ್ತೆಯಾಗಿ ಟೂರ್ ಡಿ ಫ್ರಾನ್ಸ್‌ನಿಂದ ಹೊರಗುಳಿದ. ಮರುವರ್ಷ ಮತ್ತೆ ಸಿಕ್ಕಿಬಿದ್ದ. ನಮ್ಮ ಕಡೆಯ ಆರಾಧ್ಯ ತಾರೆ ಯಾರಾದರೂ ಹೀಗೆ ಮಾಡಿದ್ದರೆ ಅಭಿಮಾನಿಗಳು ಪಿತೂರಿ ಎಂದು ಬೀದಿಗಿಳಿಯುತ್ತಿದ್ದರು, ಇಲ್ಲವೇ ಫೋಟೊದ ಹಾರ ಕಿತ್ತೆಸೆಯುತ್ತಿದ್ದರು. ನನ್ನ ಸಹೋದ್ಯೋಗಿಗಳು ಎರಡನ್ನೂ ಮಾಡುವವರಲ್ಲ. ಕೊಕೇನಿನ ಕಥೆ ಹೇಳಿ ಮುಗಿಸಿ, ಅದೇ ಉಸಿರಿನಲ್ಲಿ 2012ಕ್ಕೆ ಬರುತ್ತಾರೆ.

ಆ ವಸಂತದಲ್ಲಿ ಅವನು ಈ ಸೀಮೆಯ ದೊಡ್ಡ ಪಂದ್ಯವಾದ ಟೂರ್ ಆಫ್ ಫ್ಲಾಂಡರ್ಸ್ ಗೆದ್ದ, ಮುಂದಿನ ಭಾನುವಾರ ಫ್ರಾನ್ಸಿನ ಕಲ್ಲುಹಾಸಿನ ಪಂದ್ಯವಾದ ಪ್ಯಾರಿಸ್-ರೂಬೆಯನ್ನೂ ಗೆದ್ದ. ಸ್ಪ್ರಿಂಟರ್ ಎಂದರೆ ಇಡೀ ದಿನ ಜೊತೆಗಾರರ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು, ಕೊನೆಯ ಇನ್ನೂರು ಮೀಟರಿನಲ್ಲಿ ಮೈಯೆಲ್ಲ ಕಾಲಾಗಿಸಿ ನುಗ್ಗುವವನು. ಅಂಥವನು ರೂಬೆಯ ಹಾದಿಯಲ್ಲಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಒಬ್ಬನೇ ಗಾಳಿಗೆ ಎದೆಯೊಡ್ಡಿ ಹೋದ. ಅದು ಅವನ ನಾಲ್ಕನೆಯ ರೂಬೆ ಗೆಲುವು. ಹಿಂದಿನ ತಲೆಮಾರಿನ ಬೆಲ್ಜಿಯಂ ಪಟು ರೋಜರ್ ಡಿ ವ್ಲಾಮಿಂಕ್ ದಾಖಲೆಗೆ ಸಮ.

ಆ ಪಂದ್ಯ ಮುಗಿಯುವ, ಫ್ರಾನ್ಸಿನ ಗಡಿಯೊಳಗಿರುವ ರೂಬೆಯ ಹಳೆಯ ಸೈಕಲ್ ಮೈದಾನಕ್ಕೆ ಹೋದರೆ ಸ್ನಾನದ ಮನೆಯನ್ನು ನೋಡಲೇಬೇಕು. ಗಿಡ್ಡ ಸಿಮೆಂಟ್ ಗೋಡೆಯ ಗೂಡುಗಳು, ನೀರು ಬಿಡಲು ಎಳೆಯುವ ಸರಪಳಿ, ಒಂದೊಂದು ಗೂಡಿಗೂ ಗೆದ್ದವರ ಹೆಸರಿನ ಹಿತ್ತಾಳೆ ಫಲಕ. ಕೆಸರು ತೊಳೆದುಕೊಳ್ಳುವ ಜಾಗದಲ್ಲಿ ಕೀರ್ತಿಯನ್ನು ಇಟ್ಟವರ ಬುದ್ಧಿಯನ್ನು ಮೆಚ್ಚಬೇಕು.

ನಾನು ವಿಜಯಪುರ ಜಿಲ್ಲೆಯವನು. ನಮ್ಮ ವಿಜಯಪುರ, ಬಾಗಲಕೋಟೆಗಳೂ ಸೈಕಲ್ ಪಟುಗಳ ತವರೇ. ಒಕ್ಕಲುತನದ ಮನೆಯ ಮಕ್ಕಳು ಕ್ರೀಡಾ ವಸತಿನಿಲಯ ಸೇರಿ ರಾಷ್ಟ್ರಮಟ್ಟದ ಪದಕ ತರುತ್ತಾರೆ. ಬಂದ ದಿನ ತೆರೆದ ಜೀಪು, ಶಾಲು, ಹಾರ, ಜಿಲ್ಲಾ ಪುಟದಲ್ಲಿ ಒಂದು ಫೋಟೊ. ನಾಲ್ಕು ವರ್ಷ ಕಳೆದು ಹೆಸರು ಕೇಳಿ ನೋಡಿ, ಓಣಿಯವರೇ ತಡವರಿಸುತ್ತಾರೆ. ಅಭಿಮಾನಕ್ಕೇನೂ ಕೊರತೆಯಿಲ್ಲ. ಆದರೆ ಆ ಮಕ್ಕಳು ಗೆದ್ದದ್ದು ಎಲ್ಲೋ ದೂರದ ಊರಿನಲ್ಲಿ. ನಾವು ನೋಡಿದ್ದು ಸನ್ಮಾನವನ್ನು, ಪಂದ್ಯವನ್ನಲ್ಲ. ಸನ್ಮಾನಗಳೆಲ್ಲ ಒಂದೇ ಥರ ಇರುವಾಗ ಯಾವುದನ್ನೆಂದು ನೆನಪಿಡುವುದು?

ಇಲ್ಲಿ ಪಂದ್ಯವೇ ಊರ ತೇರಿನ ಹಾಗೆ ವರ್ಷವರ್ಷವೂ ಮನೆ ಮುಂದೆ ಹಾದುಹೋಗುತ್ತದೆ. ಟೂರ್ ಆಫ್ ಫ್ಲಾಂಡರ್ಸ್ ಹಾದಿಯ ಔಡೆ ಕ್ವಾರೆಮಾಂಟ್ ದಿಬ್ಬದ ಕಲ್ಲುಹಾಸಿನ ಮೇಲೆ ರಜೆಯ ದಿನ ಸೈಕಲ್ ತುಳಿದವನಿಗೆ ಮುಂಗೈ ಜುಮ್ಮೆನ್ನುವಾಗಲೇ ಬೋನೆನ್ ಎಂಥವನೆಂದು ತಿಳಿಯುತ್ತದೆ, ಭಾಷಣ ಬೇಕಿಲ್ಲ. ಅವನ ಬೀಳ್ಕೊಡುಗೆಯೂ ಹಾಗೆಯೇ ನಡೆಯಿತು: 2017ರ ಏಪ್ರಿಲ್‌ನಲ್ಲಿ ಸ್ಕೆಲ್ಡೆಪ್ರೈಸ್ ಪಂದ್ಯದ ಆರಂಭವನ್ನೇ ಅವನ ಊರಾದ ಮೋಲ್‌ಗೆ ತಂದರು. ಗೆದ್ದವನು ಜರ್ಮನಿಯ ಮಾರ್ಸೆಲ್ ಕಿಟೆಲ್! ಅದಕ್ಕೆ ಯಾರೂ ಬೇಸರಪಟ್ಟುಕೊಂಡಂತಿಲ್ಲ.

ನಮ್ಮಲ್ಲೂ ಆಗೊಮ್ಮೆ ಈಗೊಮ್ಮೆ ಪಂದ್ಯಗಳಾಗುತ್ತವೆ, ನಿಜ. ನಾನು ಕೇಳುವುದು ತಪ್ಪದೆ ನಡೆಯುವ ಒಂದನ್ನು: ಜಮಖಂಡಿಯಿಂದ ವಿಜಯಪುರಕ್ಕೆ, ಪ್ರತಿವರ್ಷ ಅದೇ ಭಾನುವಾರ, ಪದಕ ಗೆದ್ದವರ ಊರುಗಳ ನಡುವಿನಿಂದ. ಜೀಪಿನ ಬಾಡಿಗೆ, ಶಾಲಿನ ದುಡ್ಡು ಅದಕ್ಕೇ ಹೋಗಲಿ.