ಮೇಂಟೆನೆನ್ಸ್‌ಗೆಲ್ಲ 18% ಜಿಎಸ್‌ಟಿಯೇ? ಸತ್ಯಾಂಶ ಇಷ್ಟು

"ಅಪಾರ್ಟ್‌ಮೆಂಟಿನವರೆಲ್ಲ ಇನ್ನು ಮೇಂಟೆನೆನ್ಸ್ ಮೇಲೆ 18% ಜಿಎಸ್‌ಟಿ ಕಟ್ಟಲೇಬೇಕು" ಎಂಬ ಸಂದೇಶ ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪದೇಪದೇ ಸುತ್ತುತ್ತದೆ. ಅದರಲ್ಲಿ "ಎಲ್ಲರೂ" ಎಂಬುದೇ ಸುಳ್ಳು.

ತೆರಿಗೆ ಬೀಳಲು ಎರಡು ಷರತ್ತು ಒಟ್ಟಿಗೆ ಕೂಡಬೇಕು. ಸದಸ್ಯರ ಮಾಸಿಕ ಮೇಂಟೆನೆನ್ಸ್ 7,500 ರೂಪಾಯಿ ದಾಟಿರಬೇಕು. ನಿವಾಸಿಗಳ ಸಂಘದ ವಾರ್ಷಿಕ ವಹಿವಾಟೂ 20 ಲಕ್ಷ ಮೀರಿರಬೇಕು. 60 ಮನೆಗಳಿಂದ ತಿಂಗಳಿಗೆ ತಲಾ 4,000 ವಸೂಲಿ ಮಾಡುವ ಸಂಘದ ವಹಿವಾಟು 28.8 ಲಕ್ಷ. ಆದರೂ ಅಲ್ಲಿನ ಮೇಂಟೆನೆನ್ಸ್‌ಗೆ ತೆರಿಗೆಯಿಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಲೆಕ್ಕದಲ್ಲಿ. ಮೂರು ತಿಂಗಳಿಗೊಮ್ಮೆ 18,000 ಕಟ್ಟುವವರು ಹೆದರುತ್ತಾರೆ, ಆದರೆ ಮಿತಿ ಇರುವುದು ತಿಂಗಳ ಲೆಕ್ಕಕ್ಕೆ: ಅದು 6,000 ಮಾತ್ರ. ಒಬ್ಬರಿಗೇ ಎರಡು ಫ್ಲ್ಯಾಟ್ ಇದ್ದರೆ ಒಂದೊಂದಕ್ಕೂ 7,500ರ ಮಿತಿ ಬೇರೆಬೇರೆ. ಕೂಡಿಸಿ ತೆರಿಗೆ ಹಾಕುವಂತಿಲ್ಲ. ನಿಮ್ಮ ಪರವಾಗಿ ಸಂಘ ಕಟ್ಟುವ ಆಸ್ತಿ ತೆರಿಗೆ, ನಿಮ್ಮ ಮನೆಯ ವಿದ್ಯುತ್ ಬಿಲ್ ಈ 7,500ರ ಲೆಕ್ಕದಲ್ಲಿ ಸೇರುವುದಿಲ್ಲ. ಲಿಫ್ಟ್, ಕಾವಲು, ಕೊಳಚೆನೀರು ಶುದ್ಧೀಕರಣ ಘಟಕದ ಖರ್ಚು ಸೇರುತ್ತದೆ.

ನಿಜವಾದ ತಕರಾರು 7,500 ದಾಟಿದವರದು. 9,000 ಕಟ್ಟುವವರಿಗೆ ಪೂರ್ತಿ ಮೊತ್ತದ ಮೇಲೆ, ಅಂದರೆ 1,620 ರೂಪಾಯಿ ಎಂದು ಕೇಂದ್ರದ 2019ರ ಸುತ್ತೋಲೆ ಹೇಳಿತು. ಮಿಕ್ಕ 1,500ಕ್ಕೆ ಮಾತ್ರ, ಅಂದರೆ 270 ಎಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ತೀರ್ಪಿತ್ತಿತು. ವ್ಯತ್ಯಾಸ ಸಣ್ಣದಲ್ಲ. ಇಂಥ ಸಂಘಗಳು ಲೆಕ್ಕಪರಿಶೋಧಕರ ಲಿಖಿತ ಸಲಹೆ ಪಡೆದು, ಅದನ್ನು ಸಭೆಯಲ್ಲಿಟ್ಟು, ಆಮೇಲಷ್ಟೇ ಬಿಲ್ ಬದಲಿಸುವುದು ಒಳ್ಳೆಯದು. ಜಿಎಸ್‌ಟಿಯಡಿ ನೋಂದಾಯಿತ ಸಂಘವಾದರೆ ಜನರೇಟರ್, ಪಂಪು, ರಿಪೇರಿಗೆ ತೆತ್ತ ಜಿಎಸ್‌ಟಿಯಲ್ಲಿ ತನ್ನ ಪಾಲಿನ ಇನ್‌ಪುಟ್ ಕ್ರೆಡಿಟ್ (ತೆತ್ತ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಅವಕಾಶ) ಪಡೆಯಲು ಮರೆಯಬಾರದು.